ಹಕ್ಕಿಯ ಬೆರಳಿಗೆ ಸುತ್ತಿಕೊಂಡ ದಾರ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಈ ಅಂಕಣಕ್ಕೆ ನಳದ ನೀರು, ಬೀದಿ ದೀಪ, ಕೆಟ್ಟ ರಸ್ತೆ, ಬಾರದ ಬಸ್ಸು ಇಂಥವುಗಳ ಪತ್ರವೇ ಜಾಸ್ತಿ ಬರುತ್ತವೆ. ಬರಲೇಬೇಕು. ಅವುಗಳ ನಡುವೆ ಒಬ್ಬಳು ಹಕ್ಕಿಯ ಕಾಲ್ಬೆರಳಿನ ಬಗ್ಗೆ ಬರೆದಿದ್ದಾಳೆ ಅಂತ ನಗುತ್ತೀರೇನೋ. ನಗಿ, ಆದರೆ ಅಚ್ಚು ಹಾಕಿ. ಯಾಕಂದರೆ ನಮ್ಮ ಓಣಿಯೊಂದರಲ್ಲೇ ನಾಲ್ಕು ಮನೆಯಲ್ಲಿ ಪಂಜರ ತೂಗುತ್ತಿದೆ. ಆ ಹಕ್ಕಿಗಳಿಗೆ ಪೆಟ್ಟಾದರೆ ಎಲ್ಲಿಗೆ ಓಡಬೇಕು, ಓಡುವ ಮೊದಲು ಮನೆಯಲ್ಲಿ ಏನು ಮಾಡಬೇಕು ಅನ್ನುವುದು ನಾಲ್ಕರಲ್ಲಿ ಒಂದು ಮನೆಗೂ ಗೊತ್ತಿರಲಿಲ್ಲ. ಆ ನಾಲ್ಕರಲ್ಲಿ ನಮ್ಮದೂ ಒಂದು.

ನಾನು ಬ್ರಹ್ಮಪುರದಲ್ಲಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಪಿಕೋ ಮಾಡಿಕೊಡುತ್ತೇನೆ. ಹೋಳಿ ಆದಮೇಲೆ ಶರಣಬಸವೇಶ್ವರರ ಜಾತ್ರೆ. ನಾವು ಅಪ್ಪನ ಜಾತ್ರೆ ಅನ್ನುತ್ತೇವೆ. ಅದಕ್ಕೆ ಮುಂಚಿನ ಹದಿನೈದು ದಿನ ನನಗೆ ತಲೆ ಎತ್ತಲಿಕ್ಕೂ ಪುರಸೊತ್ತು ಇರುವುದಿಲ್ಲ. ನೆಲದ ತುಂಬ ಚಿಂದಿ, ಚಿಂದಿಯ ತುಂಬ ದಾರದ ತುಂಡು. ನಮ್ಮ ಚಿನ್ನಿ ಅದರ ಮೇಲೆಯೇ ತನ್ನ ಪಾಡಿಗೆ ಓಡಾಡಿಕೊಂಡು, ಗುಂಡಿ ಎಳೆದುಕೊಂಡು, ಸಂಜೆ ಹೊತ್ತು ಕಳೆಯುತ್ತಿತ್ತು. ಪಂಜರದಿಂದ ಬಿಟ್ಟಿದ್ದೇವಲ್ಲ, ಎಷ್ಟು ಒಳ್ಳೆಯವರು ನಾವು ಅಂತ ನನಗೂ ಒಳಗೊಳಗೇ ಖುಷಿ.

ಚಿನ್ನಿ ಮುಷ್ಟಿಯೊಳಗೆ ಹಿಡಿಸುವಷ್ಟು ಹಸಿರು ಹಕ್ಕಿ. ಅಂಗಡಿಯವರು ಲವ್ ಬರ್ಡ್ಸ್ ಅಂತ ಮಾರಿದರು, ನಾವೂ ಹಾಗೇ ಕರೆಯುತ್ತಿದ್ದೆವು. ನಿಜವಾಗಿ ಇದರ ಹೆಸರು ಬಜರಿಗರ್, ಆಸ್ಟ್ರೇಲಿಯಾದ ಒಣ ಸೀಮೆಯದು. ಲವ್ ಬರ್ಡ್ ಅನ್ನುವುದು ಬೇರೆಯೇ ಹಕ್ಕಿ, ಆಫ್ರಿಕಾದ್ದು. ಎಂಟನೇ ಕ್ಲಾಸಿನ ಮಗಳು ಹಟ ಹಿಡಿದು ತರಿಸಿದ್ದು. ತರಿಸಿದವಳು ಅವಳು, ಪಂಜರ ಒರೆಸುವವಳು ನಾನು. ಎಲ್ಲರ ಮನೆಯಲ್ಲೂ ಇದೇ ಕತೆ ಅಲ್ವಾ.

ಒಂದು ದಿನ ಚಿನ್ನಿ ಎಡಗಾಲು ಮಡಚಿಕೊಂಡು ಒಂದೇ ಕಾಲಲ್ಲಿ ಕೂತಿತ್ತು. ಹಕ್ಕಿಗಳು ಹಾಗೆ ಕೂತು ನಿದ್ದೆ ಮಾಡುತ್ತವೆ, ಅದು ತಪ್ಪೇನಲ್ಲ, ಹಾಗಂತ ನಾನು ಹೊಲಿಗೆಗೆ ಕೂತೆ. ಮರುದಿನವೂ ಹಾಗೇ. ಆಮೇಲೆ ಮಗಳೇ ಹೇಳಿದಳು, "ಅವ್ವಾ, ಇದು ಯಾವಾಗ ನೋಡಿದ್ರೂ ಅದೇ ಕಾಲ್ ಎತ್ತಾಕತ್ತದ ನೋಡು." ಆಗ ಗೊತ್ತಾಯಿತು. ಆರಾಮಾಗಿರುವ ಹಕ್ಕಿ ಕಾಲು ಬದಲಿಸುತ್ತದೆ, ಒಮ್ಮೆ ಇದು, ಒಮ್ಮೆ ಅದು. ನೋವಿರುವ ಹಕ್ಕಿ ಒಂದನ್ನೇ ಎತ್ತಿಕೊಂಡಿರುತ್ತದೆ. ಈ ಒಂದು ಮಾತು ಗೊತ್ತಿದ್ದರೆ ನನಗೆ ಒಂದು ಪೂರ್ತಿ ದಿನ ಉಳಿಯುತ್ತಿತ್ತು.

ಹಿಡಿದು ನೋಡಿದರೆ ಮುಂದಿನ ಎರಡು ಬೆರಳಲ್ಲಿ ಹೊರಗಿನದು ಊದಿ ನೀಲಿ ತಿರುಗಿತ್ತು. ಗಿಳಿ ಜಾತಿಯ ಹಕ್ಕಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ಗುಬ್ಬಿಗಿರುವಂತೆ ಮೂರು ಮುಂದೆ ಒಂದು ಹಿಂದೆ ಅಲ್ಲ. ಬೆರಳಿನ ಬುಡದಲ್ಲಿ ಒಂದು ಗೆರೆ ಇತ್ತು. ಕೆಂಪು ಪಾಲಿಯೆಸ್ಟರ್ ದಾರ. ನನ್ನದೇ ದಾರ. ಯಾವ ಜಂಪರ್‌ಗೆ ಹಾಕಿದ್ದು ಅನ್ನುವುದೂ ನೆನಪಿದೆ, ಹೇಳುವುದಿಲ್ಲ.

ಇನ್ನು ಮುಂದೆ ನಾವು ಮಾಡಿದ್ದೆಲ್ಲ ತಪ್ಪೇ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಓದಿದವರಿಗಾದರೂ ಉಪಯೋಗಕ್ಕೆ ಬರಲಿ.

ನಮ್ಮ ಮನೆಯವರು ಚಿನ್ನಿಯನ್ನು ಜಾರಿಹೋಗದಂತೆ ಗಟ್ಟಿಯಾಗಿ ಹಿಡಿದರು. ಅದು ಬಾಯಿ ತೆರೆದು ತೇಕಿತು. ಹೆದರಿಕೆಗೆ ಹಾಗೆ ಮಾಡುತ್ತಿದೆ ಅಂದುಕೊಂಡೆವು. ಹೆದರಿಕೆ ಅಷ್ಟೇ ಅಲ್ಲ, ಅದಕ್ಕೆ ಉಸಿರು ಸಿಗುತ್ತಿರಲಿಲ್ಲ. ನಮಗೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟಕ್ಕೆ ಅಂತ ಒಂದು ಪರದೆಯಂಥ ಸ್ನಾಯು ಇದೆ, ಹಕ್ಕಿಗೆ ಅದು ಇಲ್ಲ. ಅದರ ಎದೆಯ ಗೂಡೇ ಹಿಂದೆ ಮುಂದೆ ಆಡಬೇಕು, ಆಗಲೇ ಗಾಳಿ ಒಳಗೆ ಹೋಗುವುದು. ಎದೆ ಒತ್ತಿ ಹಿಡಿದರೆ ಮೂಗು ಬಾಯಿ ತೆರೆದಿದ್ದರೂ ಉಸಿರುಕಟ್ಟಿ ಸಾಯುತ್ತದೆ. ಹಿಡಿಯುವ ರೀತಿ ಹೀಗೆ: ತೆಳ್ಳನೆಯ ಬಟ್ಟೆಯನ್ನು ಮೇಲಿಂದ ಹಾಕಿ, ಕತ್ತನ್ನು ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಸಡಿಲವಾಗಿ ಇಟ್ಟುಕೊಂಡು, ಬೆನ್ನು ಅಂಗೈಗೆ ಒರಗುವಂತೆ ಮಾಡಬೇಕು. ಎದೆಯ ಮೇಲೆ ಏನೂ ಒತ್ತಬಾರದು. ಕೋಣೆಯ ಫ್ಯಾನ್ ಮೊದಲು ಆರಿಸಬೇಕು, ಕಿಟಕಿ ಮುಚ್ಚಬೇಕು. ನಾವು ಫ್ಯಾನ್ ಆರಿಸಿರಲಿಲ್ಲ. ಮಾರ್ಚ್ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ಆರಿಸುವ ನೆನಪು ಯಾರಿಗೆ ಬರುತ್ತದೆ ಹೇಳಿ.

ನಾನು ಹೊಲಿಗೆ ಬಿಚ್ಚುವ ಕೊಕ್ಕೆ ತಗೊಂಡು ದಾರದ ಕೆಳಗೆ ತೂರಿಸಿ ಎಳೆದೆ. ಇಪ್ಪತ್ತು ವರ್ಷದಿಂದ ದಾರ ಬಿಚ್ಚುವುದೇ ನನ್ನ ಕೆಲಸ, ಇದೇನು ದೊಡ್ಡದು ಅನ್ನುವ ಸೊಕ್ಕು. ದಾರ ಬಂತು, ಜೊತೆಗೆ ಚರ್ಮವೂ ಬಂತು. ರಕ್ತ.

ರಕ್ತ ನೋಡಿ ಮಗಳು ಅತ್ತಳು, ನಾನು ಅವಳನ್ನು ಗದರಿಸಿದೆ, ಹತ್ತು ಹನಿ ತಾನೇ ಅಂತ. ಆ ಮಾತು ನನಗೆ ಆಮೇಲೆ ತುಂಬ ಚುಚ್ಚಿತು. ಬಜರಿಗರ್‌ನ ತೂಕ 30ರಿಂದ 40 ಗ್ರಾಂ. ಮೈಯ ತೂಕದ ಹತ್ತರಲ್ಲಿ ಒಂದು ಪಾಲು ರಕ್ತ ಅಂತ ಲೆಕ್ಕ. ಅಂದರೆ ಇಡೀ ಹಕ್ಕಿಯಲ್ಲಿ ಇರುವುದು ಮೂರೂವರೆ ಮಿಲಿ ಲೀಟರಿನ ಆಸುಪಾಸು, ಒಂದು ಚಹಾ ಚಮಚ ಕೂಡ ತುಂಬುವುದಿಲ್ಲ. ಇಪ್ಪತ್ತು ಹನಿಗೆ ಹೆಚ್ಚುಕಮ್ಮಿ ಒಂದು ಮಿಲಿ ಲೀಟರ್. ಹತ್ತು ಹನಿ ಹೋಯಿತೆಂದರೆ ಅದರ ರಕ್ತದಲ್ಲಿ ಏಳರಲ್ಲಿ ಒಂದು ಪಾಲು ಹೋಯಿತು. ಮನುಷ್ಯರ ಲೆಕ್ಕಕ್ಕೆ ತಂದರೆ ಏಳುನೂರು ಮಿಲಿ ಲೀಟರ್. ರಕ್ತದಾನದಲ್ಲಿ ಒಂದು ಸಲಕ್ಕೆ 350 ಮಿಲಿ ತಗೊಂಡು, ಬಿಸ್ಕತ್ತು ಜ್ಯೂಸು ಕೊಟ್ಟು ಕೂರಿಸುತ್ತಾರಲ್ಲ, ಅದರ ಎರಡರಷ್ಟು.

ರಕ್ತ ನಿಂತದ್ದು ನನ್ನ ಜಾಣತನದಿಂದ ಅಲ್ಲ. ಕೈಗೆ ಸಿಕ್ಕ ಹೊಸ ಮಲ್ ಬಟ್ಟೆಯ ತುಂಡನ್ನು ಬೆರಳಿಗೆ ಒತ್ತಿ ಹಿಡಿದಿದ್ದೆ, ಗಾಬರಿಯಲ್ಲಿ ಬಿಡುವುದು ಮರೆತಿದ್ದೆ, ಅಷ್ಟೇ. ಮಾಡಬೇಕಾದದ್ದೂ ಅದೇ ಅಂತೆ. ಶುಚಿಯಾದ ಬಟ್ಟೆ, ಎರಡು ನಿಮಿಷ, ನಡುನಡುವೆ ತೆಗೆದು ನೋಡದೆ ಹಗುರಾಗಿ ಒತ್ತುವುದು. ಚರ್ಮದ ಗಾಯವಲ್ಲ, ಉಗುರು ಮುರಿದು ರಕ್ತ ಬರುತ್ತಿದೆ ಅಂದರೆ ಉಗುರಿನ ತುದಿಗೆ ಒಂದು ಚಿಟಿಕೆ ಕಾರ್ನ್ ಫ್ಲೋರ್ ಇಟ್ಟು ಒತ್ತಬಹುದು. ಉಗುರಿನೊಳಗೆ ರಕ್ತನಾಳ ಇರುತ್ತದೆ, ಬಿಳಿ ಉಗುರಿನ ಹಕ್ಕಿಯನ್ನು ಬೆಳಕಿಗೆ ಹಿಡಿದರೆ ಗುಲಾಬಿ ಗೆರೆ ಕಾಣುತ್ತದೆ. ಉಗುರು ಕತ್ತರಿಸುವವರು ಆ ಗೆರೆ ಬಿಟ್ಟು ಕತ್ತರಿಸಬೇಕು. ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ ಮನೆಯಲ್ಲಿ ಕೂರುವ ಹಾಗೆಯೇ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಕಾಕಿ ಬಂದರು. ಕೈಯಲ್ಲಿ ಎಲೆ ಅಡಕೆಯ ಡಬ್ಬಿ. "ಸುಣ್ಣ ಹಚ್ಚವ್ವ, ಪಟ್ಟನ ನಿಲ್ತದ." ಅವರ ಕಾಳಜಿಗೆ ನಾನೇನೂ ಅನ್ನುವುದಿಲ್ಲ, ನಮ್ಮ ಮಕ್ಕಳ ಕಾಲಿಗೆ ಹಾಗೆ ಹಚ್ಚಿಯೇ ಬೆಳೆಸಿದವರು. ಆದರೆ ಸುಣ್ಣ ತೆರೆದ ಗಾಯವನ್ನು ಸುಡುತ್ತದೆ, ಹಕ್ಕಿ ಆ ಬೆರಳನ್ನು ಕೊಕ್ಕಿನಿಂದ ಉಜ್ಜಿಕೊಂಡರೆ ಬಾಯಿಯನ್ನೂ ಸುಡುತ್ತದೆ. ಸುಣ್ಣ ಬೇಡ ಅಂದು ನಾನು ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಅದೂ ತಪ್ಪೇ. ಕಾಲನ್ನು ಹೊಟ್ಟೆಗೆ ಅವುಚಿಕೊಂಡು ಕೂರುತ್ತದಲ್ಲ, ಎಣ್ಣೆ ಹೊಟ್ಟೆಯ ಪುಕ್ಕಕ್ಕೆಲ್ಲ ಹತ್ತಿ ಅಂಟಂಟಾಯಿತು. ಪುಕ್ಕ ಅಂದರೆ ಅದರ ಕೌದಿ ಇದ್ದ ಹಾಗೆ, ಎಣ್ಣೆಯಾದರೆ ಮೈಯ ಶಾಖ ನಿಲ್ಲುವುದಿಲ್ಲ. ಎಣ್ಣೆಯ ಮುಲಾಮು ಯಾವುದೂ ಹಕ್ಕಿಗೆ ಬೇಡ ಅನ್ನುವುದು ಇದಕ್ಕೇ. ಮನೆಯಲ್ಲಿ ಬೆಟಾಡಿನ್ ಇದ್ದರೆ ನೀರಲ್ಲಿ ತೆಳುವಾದ ಚಹಾದ ಬಣ್ಣ ಬರುವಷ್ಟು ಕಲಸಿ, ಬಟ್ಟೆ ಅದ್ದಿ ಬೆರಳನ್ನು ಒರೆಸಬಹುದು. ಅಷ್ಟು ಸಾಕು.

ನಮ್ಮ ಮನೆಯವರು ಮೆಡಿಕಲ್ ಅಂಗಡಿಗೆ ಹೋಗಿ ನೋವಿನ ಗುಳಿಗೆ ತಂದರು. "ಕಾಲು ಭಾಗ ನೀರಾಗ ಕಲಸಿ ಹಾಕ್ರಿ" ಅಂದಿದ್ದರಂತೆ ಅಂಗಡಿಯಲ್ಲಿ. ಮಗಳು ಬಿಡಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಮನೆಯ ಬುದ್ಧಿವಂತೆ ಅವಳೇ. ಗುಳಿಗೆ ತಯಾರಾಗಿರುವುದು ಅರವತ್ತು ಕಿಲೋ ಮನುಷ್ಯನಿಗೆ. ಕಾಲು ಭಾಗ ಅಂದರೆ ಹದಿನೈದು ಕಿಲೋ ಮಗುವಿನ ಪಾಲು. ಚಿನ್ನಿ 35 ಗ್ರಾಂ. ಅದರ ಪಾಲಿನ ಚೂರು ಕತ್ತರಿಸಬೇಕೆಂದರೆ ಒಂದು ಗುಳಿಗೆಯನ್ನು ಸಾವಿರದ ಏಳುನೂರು ತುಂಡು ಮಾಡಬೇಕು. ಮಾಡಿದರೂ ಕೊಡಬಾರದು. ನಮಗೆ ಒಗ್ಗುವ ಔಷಧ ಹಕ್ಕಿಗೆ ಒಗ್ಗಬೇಕೆಂದಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ವಂಶವನ್ನೇ ಮುಗಿಸುತ್ತ ಬಂತು. 2006ರಲ್ಲಿ ಸರಕಾರ ಅದನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿತು. ನಮ್ಮ ಮನೆಯವರ ಕೈಯಲ್ಲಿ ಇದ್ದ ಪಟ್ಟಿಯ ಮೇಲೂ ಅದೇ ಹೆಸರು ಇತ್ತು. ಇವತ್ತಿಗೂ ನೆನೆದರೆ ಮೈ ಜುಮ್ ಅನ್ನುತ್ತದೆ.

ಮರುದಿನ ಬೆಳಿಗ್ಗೆ ರಟ್ಟಿನ ಡಬ್ಬಿಗೆ ತೂತು ಮಾಡಿ ಚಿನ್ನಿಯನ್ನು ಕೂರಿಸಿಕೊಂಡು ಪಶು ದವಾಖಾನೆಗೆ ಹೋದೆ. ಯಾವ ದವಾಖಾನೆ ಅಂತ ಬರೆಯುವುದಿಲ್ಲ, ಒಬ್ಬರನ್ನು ಬೈಯುವುದು ನನ್ನ ಉದ್ದೇಶವಲ್ಲ. ಹೊರಗೆ ಎರಡು ಎಮ್ಮೆ, ನಾಲ್ಕೈದು ಆಡು, ಒಂದು ನಾಯಿ. ನನ್ನ ಡಬ್ಬಿ ನೋಡಿ ಎಲ್ಲರೂ ಬಂದು ಇಣುಕಿದರು. ಒಳಗಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. "ಅಕ್ಕಾರ, ಇಲ್ಲಿ ಹಕ್ಕಿ ಯಾರೂ ತರಂಗಿಲ್ರಿ. ಇಷ್ಟ್ ಸಣ್ಣ ಬೆರಳಿಗಿ ಹಿಡಿಯೂ ಸಾಮಾನ ನಮ್ ಹತ್ರ ಇಲ್ಲ." ಇನ್ನೊಬ್ಬರು ಸುಮ್ನೆ ಇರಲಾರದೆ, "ಇನ್ನೊಂದ್ ತಗೊಳ್ರಿ, ಇದಕ್ಕ್ಯಾಕ ಇಷ್ಟ ಬಡದಾಡ್ತೀರಿ" ಅಂದರು. ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ಅವರಿಗೆ ಏನು ಹೇಳಲಿ. ನಗುತ್ತ ಹೊರಗೆ ಬಂದೆ, ಬಂದಮೇಲೆ ಸಿಟ್ಟು ಬಂತು.

ನ್ಯಾಯವಾಗಿ ಹೇಳಬೇಕೆಂದರೆ ಅವರದೂ ಪೂರ್ತಿ ತಪ್ಪಲ್ಲ. ನಮ್ಮ ಕಡೆ ಪಶು ದವಾಖಾನೆ ಅಂದರೆ ದನಕರು, ಆಡು, ಕುರಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ, ರೈತರ ಎಮ್ಮೆ ಉಳಿಯುತ್ತದೆ, ಅದು ಮೊದಲು ಆಗಬೇಕಾದ ಕೆಲಸವೇ. ಎಮ್ಮೆ ಸತ್ತರೆ ಒಂದು ಮನೆಯ ಹಾಲಿನ ರೊಕ್ಕ ನಿಲ್ಲುತ್ತದೆ. ಚಿನ್ನಿ ಸತ್ತರೆ ಒಂದು ಹುಡುಗಿ ಎರಡು ದಿನ ಊಟ ಬಿಡುತ್ತಾಳೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಅಂತ ನಾನು ಕೇಳುತ್ತಿಲ್ಲ. ಆದರೆ ಎರಡನೆಯದಕ್ಕೆ ತಕ್ಕಡಿಯೇ ಇಲ್ಲ ಅಂದರೆ ಹೇಗೆ?

ಬೀದರಿಗೆ ಹೋಗೋಣ ಅನಿಸಿತು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಅಲ್ಲಿದೆ, ನಂದಿನಗರದಲ್ಲಿ, ಕಾಲೇಜೂ ಅಲ್ಲೇ ಇದೆ. 2017ರಿಂದ ಕಲಬುರಗಿ ಬೀದರ್ ರೈಲೂ ಇದೆ, ಹುಮನಾಬಾದ್ ಮೇಲೆ ನೂರಾ ಹತ್ತು ಕಿಲೋಮೀಟರ್ ದಾರಿ. ಆದರೆ ಬಿಸಿಲಲ್ಲಿ ಅಷ್ಟು ದೂರ ರಟ್ಟಿನ ಡಬ್ಬಿಯಲ್ಲಿ ಹಕ್ಕಿ ಒಯ್ಯಲು ಧೈರ್ಯ ಸಾಲಲಿಲ್ಲ. ಕೊನೆಗೆ ನನ್ನ ಹತ್ತಿರ ಜಂಪರ್ ಹೊಲಿಸುವ ಒಬ್ಬರ ತಂಗಿಯೇ ಡಾಕ್ಟರು ಅಂತ ಗೊತ್ತಾಯಿತು. ಬೀದರಿನಲ್ಲಿ ಓದಿದವರು, ತಾಲೂಕಿನಲ್ಲಿ ಕುರಿ ದನ ನೋಡುತ್ತಾರೆ, ಭಾನುವಾರ ಅಕ್ಕನ ಮನೆಗೆ ಬರುತ್ತಾರೆ. ಬಂದವರನ್ನು ಚಹಾ ಕುಡಿಯಲೂ ಬಿಡದೆ ಎಳೆದುಕೊಂಡು ಬಂದೆ.

ನಾನು ಸೂಜಿ ಪೋಣಿಸಲು ಇಟ್ಟುಕೊಂಡ ಭೂತಗನ್ನಡಿಯನ್ನೇ ಅವರು ಕೇಳಿ ತಗೊಂಡರು. ನೋಡಿ, "ಅಕ್ಕಾ, ಇನ್ನೊಂದು ಸುತ್ತು ಒಳಗ ಅದ" ಅಂದರು. ನಾನು ಎಳೆದದ್ದು ಒಂದು ಸುತ್ತು. ಇನ್ನೊಂದು ಊತದ ಒಳಗೆ ಹೂತು ಹೋಗಿ ರಕ್ತ ಹೋಗದಂತೆ ಬಿಗಿದು ಕೂತಿತ್ತು. ಅದಕ್ಕೇ ದಾರ ತೆಗೆದಮೇಲೂ ಬೆರಳು ಊದುತ್ತಲೇ ಹೋಗಿದ್ದು. ಅವರು ಇಂಜೆಕ್ಷನ್ ಸೂಜಿಯ ಮೊನೆಯಿಂದ ದಾರದ ಒಂದೊಂದೇ ಎಳೆ ಕಡಿದರು. ಕಡಿದದ್ದು ಬೆರಳಿನ ಉದ್ದಕ್ಕೆ, ಅಡ್ಡಕ್ಕಲ್ಲ. ನಾನು ಉಸಿರು ಹಿಡಿದು ನೋಡುತ್ತಿದ್ದೆ, ಇಂಥ ಕೈಗೆ ಹೊಲಿಗೆ ಕಲಿಸಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆ ಹೊತ್ತಲ್ಲೂ ಅನಿಸಿತು.

ಬೆರಳಿನ ತುದಿ ಆಗಲೇ ಕಪ್ಪಾಗಿತ್ತು. ಅದು ಉಳಿಯುವುದಿಲ್ಲ ಅಂತ ಅವರು ನೇರವಾಗಿಯೇ ಹೇಳಿದರು. ಒಣಗಿ ಗಟ್ಟಿಯಾಗಿ ತಾನೇ ಉದುರುತ್ತದೆ, ನೀವು ಎಳೆಯಬೇಡಿ. ಒಣಗುವ ಬದಲು ಒದ್ದೆಯಾಗಿ ವಾಸನೆ ಬಂದರೆ, ಊತ ಕಾಲಿನ ಮೇಲಕ್ಕೆ ಹತ್ತಿದರೆ, ಅವತ್ತೇ ಫೋನ್ ಮಾಡಿ, ಆಗ ಬೆರಳನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ ಅಂದರು. ಗಾಯವನ್ನು ತಾನೇ ಕಚ್ಚಿಕೊಳ್ಳಲು ಶುರು ಮಾಡಿದರೂ ಹೇಳಿ ಅಂದರು, ಅಂಥ ಹಕ್ಕಿಗಳಿಗೆ ಕೊರಳಿಗೆ ಪಟ್ಟಿ ಹಾಕುತ್ತಾರಂತೆ. ನೋವಿಗೆ ಅವರೇ ತೂಕ ನೋಡಿ ಹನಿ ಔಷಧ ಕೊಟ್ಟರು. ಅದರ ಹೆಸರು, ಅಳತೆ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಯಾರೋ ಅದನ್ನೇ ಹಿಡಿದು ಮೆಡಿಕಲ್‌ಗೆ ಹೋಗುತ್ತಾರೆ.

ಆಮೇಲಿನ ಮೂರು ವಾರ ನನ್ನದೇ ದವಾಖಾನೆ. ಪಂಜರದ ಎತ್ತರದ ಕಡ್ಡಿಗಳನ್ನೆಲ್ಲ ತೆಗೆದೆ. ತಳದಿಂದ ಎರಡು ಬೆರಳು ಎತ್ತರಕ್ಕೆ ಒಂದು ಕಡ್ಡಿ ಬಿಟ್ಟು, ಅದಕ್ಕೂ ಮೆತ್ತನೆಯ ಬಟ್ಟೆ ಸುತ್ತಿದೆ. ಎಳೆ ಬಿಡದ ಬಟ್ಟೆ, ಅಂಚು ಮಡಚಿ ಹೊಲಿದದ್ದು. ಈ ಸಲ ಬುದ್ಧಿ ಬಂದಿತ್ತು. ಕಾಳು, ನೀರು ಕೆಳಗೇ ಇಟ್ಟೆ. ತಳಕ್ಕೆ ಮರಳು, ಹೊಟ್ಟು ಯಾವುದೂ ಬೇಡ, ಗಾಯಕ್ಕೆ ಮೆತ್ತಿಕೊಳ್ಳುತ್ತದೆ, ಪೇಪರ್ ಹಾಸಿ ದಿನಾ ಬದಲಿಸಿ ಅಂದಿದ್ದರು. ಪೇಪರ್ ಆದರೆ ಒಂದು ಹನಿ ರಕ್ತ ಬಿದ್ದರೂ ಕಾಣುತ್ತದೆ, ಹಿಕ್ಕೆ ಹೇಗಿದೆ ಅಂತಲೂ ಗೊತ್ತಾಗುತ್ತದೆ. ಸಿಟ್ಟಾಗಬೇಡಿ ಸಂಪಾದಕರೆ, ನಿಮ್ಮ ಪತ್ರಿಕೆಯನ್ನೇ ಹಾಸಿದ್ದೆ. ಓದಿದಮೇಲೆ.

ಇನ್ನೊಂದು ಮಾತು. ಪೆಟ್ಟಾದ ಹಕ್ಕಿಯನ್ನು ಬೆಚ್ಚಗೆ ಇಡಿ, ಮೂವತ್ತು ಡಿಗ್ರಿ ಇರಲಿ, ಬಲ್ಬ್ ಹಚ್ಚಿ ಅಂತ ಮೊಬೈಲ್‌ನಲ್ಲಿ ನೋಡಿದಲ್ಲೆಲ್ಲ ಹೇಳುತ್ತಾರೆ. ತಣ್ಣನೆಯ ದೇಶದವರ ಮಾತು ಅದು. ಬೀದರಿನ ಚಳಿಗಾಲದಲ್ಲಿ ಸರಿ, ರಾತ್ರಿ ಪಂಜರದ ಒಂದು ಬದಿಗೆ ಮಾತ್ರ ಶಾಖ ಇದ್ದು ಬೇಡವಾದರೆ ಹಕ್ಕಿ ಸರಿದುಕೊಳ್ಳುವಂತೆ ಮಾಡಬಹುದು. ನಮ್ಮ ಬೇಸಿಗೆಯಲ್ಲಿ ಬಲ್ಬ್ ಹಚ್ಚಿದರೆ ಹಕ್ಕಿ ಬೇಯುತ್ತದೆ. ಹಕ್ಕಿಗೆ ಬೆವರು ಬರುವುದಿಲ್ಲ. ಕೊಕ್ಕು ತೆರೆದು ತೇಕುತ್ತ, ರೆಕ್ಕೆಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದರೆ ಅದಕ್ಕೆ ಸೆಕೆ ತಡೆಯುತ್ತಿಲ್ಲ ಅಂತ ಅರ್ಥ. ಪುಕ್ಕ ಉಬ್ಬಿಸಿಕೊಂಡು ಉಂಡೆಯಾಗಿ ತಳದಲ್ಲಿ ಕೂತಿದ್ದರೆ ಚಳಿ ಅಥವಾ ಕಾಯಿಲೆ. ಥರ್ಮಾಮೀಟರ್ ಬೇಡ, ಹಕ್ಕಿಯನ್ನು ನೋಡಿದರೆ ಸಾಕು. ತಗಡಿನ ಪತ್ರೆಯ ಕೆಳಗೆ ಪಂಜರ ತೂಗು ಹಾಕುವವರು ಮಾತ್ರ ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ ಅಲ್ಲಿ ಹತ್ತು ನಿಮಿಷ ತಾವೇ ನಿಂತು ನೋಡಲಿ. ಕೂಲರ್ ಗಾಳಿ ನೇರವಾಗಿ ಬಡಿಯುವಂತೆಯೂ ಇಡಬಾರದು.

ಅದು ತಿನ್ನುತ್ತಿದೆಯೋ ಇಲ್ಲವೋ ಅನ್ನುವುದೇ ನನಗೆ ದೊಡ್ಡ ಚಿಂತೆ. ಇಷ್ಟು ಸಣ್ಣ ಹಕ್ಕಿ ಒಂದು ದಿನ ಉಪವಾಸ ಇದ್ದರೂ ಕಷ್ಟ. ಕಾಳಿನ ಬಟ್ಟಲು ನೋಡಿ ಮೋಸ ಹೋಗಬೇಡಿ, ತಿಂದ ಸಿಪ್ಪೆ ಮೇಲೇ ಇರುತ್ತದೆ, ತುಂಬಿದ ಹಾಗೆ ಕಾಣುತ್ತದೆ. ಊದಿ ನೋಡಬೇಕು. ನಾವು ಬರೀ ನವಣೆ ಹಾಕುತ್ತಿದ್ದೆವು. ಬರೀ ಕಾಳು ತಿಂದರೆ ಎ ವಿಟಮಿನ್ ಕಮ್ಮಿಯಾಗಿ ಪಾದದ ಚರ್ಮ ಸೊರಗುತ್ತದೆ, ಗಾಯವೂ ಬೇಗ ಮಾಯುವುದಿಲ್ಲ. ಈಗ ಕೊತ್ತಂಬರಿ, ಪಾಲಕ್, ತುರಿದ ಗಜ್ಜರಿ ಕೊಡುತ್ತೇನೆ. ಮೊದಲ ನಾಲ್ಕು ದಿನ ಮೂಸಿಯೂ ನೋಡಲಿಲ್ಲ, ಐದನೇ ದಿನ ನನ್ನ ಕೈಯಿಂದಲೇ ಕಿತ್ತುಕೊಂಡಿತು.

ಇಪ್ಪತ್ತನೇ ದಿನವೋ ಇಪ್ಪತ್ತೊಂದನೇ ದಿನವೋ ಪೇಪರ್ ಬದಲಿಸುವಾಗ ಒಂದು ಕರಿ ಚೂರು ಸಿಕ್ಕಿತು. ಜೀರಿಗೆಯಷ್ಟು. ಅದೇ ಬೆರಳು. ಮಗಳಿಗೆ ತೋರಿಸಲೋ ಬೇಡವೋ ಅಂತ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ತೋರಿಸಿದೆ. ಅವಳು ತುಳಸಿ ಗಿಡದ ಬುಡದಲ್ಲಿ ಹುಗಿದಳು.

ಚಿನ್ನಿಗೆ ಏನೂ ಅನಿಸಿದ ಹಾಗಿಲ್ಲ. ಎಡಗಾಲಲ್ಲಿ ಮೂರೇ ಬೆರಳು, ಹತ್ತುವಾಗ ಕೊಕ್ಕನ್ನು ಮೂರನೇ ಕಾಲಿನ ಹಾಗೆ ಬಳಸುತ್ತದೆ. ಮೊದಲೂ ಹಾಗೇ ಹತ್ತುತ್ತಿತ್ತು, ನಾನು ಗಮನಿಸಿರಲಿಲ್ಲ.

ದಾರದ ವಿಷಯ ಬರೀ ಟೇಲರ್ ಮನೆಯದ್ದು ಅಂದುಕೊಳ್ಳಬೇಡಿ. ಟವೆಲ್‌ನ ಎಳೆ, ಸೀರೆಯ ಕುಚ್ಚು, ಹೆಂಗಸರ ಉದ್ದನೆಯ ಕೂದಲು ಎಲ್ಲ ಹೀಗೇ ಸುತ್ತಿಕೊಳ್ಳುತ್ತವೆ. ಇದಾದಮೇಲೆ ನನಗೊಂದು ಚಟ ಹತ್ತಿದೆ, ಎಲ್ಲಿ ಹೋದರೂ ಹಕ್ಕಿಗಳ ಕಾಲು ನೋಡುವುದು. ಗಂಜ್‌ನಲ್ಲಿ ತೊಗರಿ ಚೀಲ ಇಳಿಸುವ ಜಾಗದಲ್ಲಿ ಕಾಳು ಹೆಕ್ಕುವ ಪಾರಿವಾಳಗಳ ಪಾದ ನೋಡಿ. ಒಂದಕ್ಕೆ ಒಂದು ಬೆರಳಿಲ್ಲ, ಇನ್ನೊಂದಕ್ಕೆ ಪಾದವೇ ಗಂಟು, ಗಂಟಿನಲ್ಲಿ ಸುತಳಿಯ ಎಳೆ. ಪ್ಯಾರಿಸ್ ನಗರದಲ್ಲಿ ಇದನ್ನೇ ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದ್ದಾರೆ, ಕ್ಷೌರದಂಗಡಿ ಜಾಸ್ತಿ ಇರುವ ಕಡೆ ಬೆರಳು ಕಳೆದುಕೊಂಡ ಪಾರಿವಾಳಗಳೂ ಜಾಸ್ತಿ ಇದ್ದವಂತೆ. ಸಂಕ್ರಾಂತಿ ಗಾಳಿಪಟದ ನೈಲಾನ್ ಮಾಂಜಾ ಬಗ್ಗೆ ಬೇರೆ ಹೇಳಬೇಕಾಗಿಲ್ಲ, 2017ರಲ್ಲೇ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ನಿಷೇಧ ಹಾಕಿದೆ, ಆದರೂ ಹಬ್ಬ ಮುಗಿದಮೇಲೆ ಕರೆಂಟಿನ ತಂತಿ ನೋಡಿದರೆ ಅದೇ ತೂಗುತ್ತಿರುತ್ತದೆ. ನಾನು ಈಗ ದಾರದ ತುಂಡಿಗೆ ಮುಚ್ಚಳದ ಡಬ್ಬಿ ಇಟ್ಟಿದ್ದೇನೆ. ಕಸಕ್ಕೆ ಹಾಕುವ ಮೊದಲು ಚಿಕ್ಕಚಿಕ್ಕದಾಗಿ ಕತ್ತರಿಸುತ್ತೇನೆ. ಊರಿನ ಉಳಿದ ಟೇಲರ್ ಅಣ್ಣ ಅಕ್ಕಂದಿರೂ ಹಾಗೆ ಮಾಡಿದರೆ ಹೆಚ್ಚೇನೂ ಖರ್ಚಿಲ್ಲ.

ಪಂಜರದ ಕಡ್ಡಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಅಂಗಡಿ ಪಂಜರದಲ್ಲಿ ಬರುವ ಪ್ಲಾಸ್ಟಿಕ್ ಕಡ್ಡಿ ಒಂದೇ ದಪ್ಪ, ನುಣ್ಣಗೆ. ಹಕ್ಕಿ ಹಗಲು ರಾತ್ರಿ ಅದರ ಮೇಲೇ ನಿಲ್ಲುವುದರಿಂದ ಪಾದದ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತದೆ. ಉಗುರು ಸವೆಯಲಿ ಅಂತ ಸ್ಯಾಂಡ್ ಪೇಪರ್ ಸುತ್ತಿದ ಕಡ್ಡಿ ಮಾರುತ್ತಾರೆ, ಅದು ಉಗುರಿಗಿಂತ ಮೊದಲು ಅಂಗಾಲನ್ನು ಸವೆಸುತ್ತದೆ. ನಮ್ಮಲ್ಲಿ ಬೇವಿಗೇನು ಬರ. ಔಷಧ ಹೊಡೆಯದ ಮರದಿಂದ ದಪ್ಪ ಸಣ್ಣ ಬೆರೆತ ಟೊಂಗೆ ಕಡಿದು, ತೊಳೆದು, ನಮ್ಮ ಬಿಸಿಲಲ್ಲಿ ಒಂದು ದಿನ ಇಟ್ಟರೆ ತಯಾರು. ಪೇರಲ ಟೊಂಗೆಯೂ ಆಗುತ್ತದೆ.

ಕಾಕಿಯ ಮನೆಯಲ್ಲಿ ಇರುವುದು ಕೆಂಪು ಕೊಕ್ಕಿನ ನಮ್ಮ ನಾಡಿನ ಗಿಳಿ. ಅದಕ್ಕೂ ಉಗುರು ಮುರಿದು ರಕ್ತ ಬಂದಿತ್ತಂತೆ, ಹೆದರಿ ಎಲ್ಲಿಗೂ ಒಯ್ಯಲಿಲ್ಲ. ಯಾಕಂದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಕಾಡಿನ ಗಿಳಿಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲ ಅಪರಾಧ. ಬಜರಿಗರ್‌ಗೆ ಅದು ಅನ್ವಯಿಸುವುದಿಲ್ಲ. ಕಾಕಿಗೆ ನಾನು ಅರಣ್ಯ ಇಲಾಖೆಗೆ ಒಪ್ಪಿಸಿ ಅಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ಮಾತಾಡುತ್ತಾರೆ, ಗಿಳಿ ಇನ್ನೂ ಅಲ್ಲೇ ಇದೆ. ಈ ಪತ್ರ ಓದಿದರೆ ಮತ್ತೆ ಬಿಡುತ್ತಾರೇನೋ.

ನಾನು ಕೇಳುವುದು ದೊಡ್ಡದಲ್ಲ. ಪಶುಪಾಲನೆ ಇಲಾಖೆಯವರು ಹಕ್ಕಿಗೆ ಬೇರೆ ಆಸ್ಪತ್ರೆ ಕಟ್ಟುವುದು ಬೇಡ. ಜಿಲ್ಲೆಯಲ್ಲಿ ಒಂದು ಕಡೆ, ವಾರದಲ್ಲಿ ಒಂದು ದಿನ, ಸಣ್ಣ ಹಕ್ಕಿ ನೋಡಬಲ್ಲ ಒಬ್ಬ ಡಾಕ್ಟರು ಇರಲಿ, ಅವರು ಎಲ್ಲಿ ಯಾವ ದಿನ ಸಿಗುತ್ತಾರೆ ಅಂತ ಉಳಿದ ದವಾಖಾನೆಗಳ ಗೋಡೆಗೆ ಒಂದು ಚೀಟಿ ಅಂಟಿಸಲಿ. "ಇಲ್ಲಿ ಆಗಲ್ಲ" ಅನ್ನುವ ಬದಲು "ಅಲ್ಲಿಗೆ ಹೋಗಿ" ಅಂದಿದ್ದರೆ ನನಗೆ ಸಾಕಾಗಿತ್ತು. ಬೀದರ್ ವಿಶ್ವವಿದ್ಯಾಲಯದವರು ಮನಸ್ಸು ಮಾಡಿದರೆ ಒಂದು ಪುಟದ ಕನ್ನಡ ಕರಪತ್ರ ಮಾಡಿಕೊಡುವುದು ಕಷ್ಟವಲ್ಲ. ರಕ್ತ ಬಂದರೆ ಏನು, ಹಿಡಿಯುವುದು ಹೇಗೆ, ಏನು ಹಚ್ಚಬಾರದು, ಏನು ಕುಡಿಸಬಾರದು, ಇಷ್ಟೇ. ಅದನ್ನು ಹಕ್ಕಿ ಮಾರುವ ಅಂಗಡಿಯವರು ಪಂಜರದ ಜೊತೆ ಕೊಡಲಿ. 2018ರ ನಿಯಮದಂತೆ ಸಾಕುಪ್ರಾಣಿ ಮಾರುವ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಕೇಳುವಾಗಲೇ ಕರಪತ್ರದ ಕಟ್ಟನ್ನೂ ಕೈಗೆ ಕೊಟ್ಟರಾಯಿತು. ನಮಗೆ ಚಿನ್ನಿಯನ್ನು ಮಾರಿದವರು ಜೊತೆಗೆ ಕೊಟ್ಟದ್ದು ಒಂದು ಗಂಟೆ, ಒಂದು ಕನ್ನಡಿ.

ಯಾದಗಿರಿ, ಬೀದರ್, ಕಲಬುರಗಿ ಕಡೆ ಹಕ್ಕಿ ನೋಡುವ ಡಾಕ್ಟರು ಯಾರಾದರೂ ಇದ್ದರೆ, ಅವರೇ ಆಗಲಿ, ಗೊತ್ತಿರುವ ಓದುಗರಾಗಲಿ, ದಯವಿಟ್ಟು ಇದೇ ಅಂಕಣಕ್ಕೆ ಬರೆದು ತಿಳಿಸಿ. ನನಗೆ ಸಹಾಯ ಮಾಡಿದ ಡಾಕ್ಟರಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ, ಭಾನುವಾರ ಒಂದೇ ರಜೆ ಅಂತ.

ಇಂತಿ,
ಜಂಪರ್ ಹೊಲಿಯುವ ಒಬ್ಬ ಓದುಗಿ,
ಬ್ರಹ್ಮಪುರ, ಕಲಬುರಗಿ